ನೆಗೆಯುವ ಚಿಟ್ಟೆ

ಮಾರ್ಚ್ 4, ಬೆಳಿಗ್ಗೆ
ಮತ್ತೆ ಅದೇ. ನಿಂಬೆ ಸಸಿಗಳ ಎಲೆಯೆಲ್ಲ ಅಂಟು. ಕಾಂಡದ ಮೇಲೆ ಬಿಳಿ ರೆಕ್ಕೆಯ ಹುಳಗಳು ಸಾಲಾಗಿ ಕೂತು ರಸ ಹೀರುತ್ತಿವೆ. ನಲವತ್ತು ಕುಂಡ, ನಾನೇ ಕಸಿ ಕಟ್ಟಿದ ಮೊದಲ ಸಸಿಗಳು. ತಿಂಗಳ ಕೊನೆಗೆ ಮೂವತ್ತಾದರೂ ಉಳಿದರೆ ನನ್ನನ್ನು ಕಸಿ ಮೇಜಿಗೆ ಹಾಕುತ್ತಾರೆ. ಇಲ್ಲದಿದ್ದರೆ ಕಳೆ ಕೀಳುವುದೇ ಗತಿ...

ಮಾರ್ಚ್ 5
ನರ್ಸರಿಯ ಯಜಮಾನಿ ನೋಡಿದರು. "ಎಷ್ಟ್ ಮುದ್ದಾಗಿವೆ ಈ ಚಿಟ್ಟೆಗಳು. ಯಾರೂ ಔಷಧಿ ಹೊಡೀಬೇಡಿ, ನೀರೂ ಹಾರಿಸ್ಬೇಡಿ."
ಚಿಟ್ಟೆಯಲ್ಲ ಅನ್ನಬೇಕಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವರಿಗೆ ಏನು ಹೇಳುವುದು... ನನ್ನ ಅಕ್ಷರ ದುಂಡಗಿದೆಯಂತೆ. ಬೋರ್ಡನ್ನೂ ನನ್ನಿಂದಲೇ ಬರೆಸಿದರು — ಚಿಟ್ಟೆಗಳಿವೆ, ಮುಟ್ಟಬೇಡಿ. ನನ್ನದೇ ಸಸಿ, ನನ್ನದೇ ಕೈಬರಹ.

ಮಾರ್ಚ್ 11, ಮಧ್ಯಾಹ್ನ
ಊಟದ ಹೊತ್ತಲ್ಲಿ ಮೇಸ್ತ್ರಿಗೆ ಹೇಳಿದೆ.
"ಚಿಟ್ಟೆ ಕೂತಾಗ ರೆಕ್ಕೆ ಜೋಡಿಸಿ ಮೇಲೆತ್ತುತ್ತೆ ಮಾವ. ಇದು ಸೂರಿನ ಥರ ಇಳಿಬಿಡುತ್ತೆ. ಮುಟ್ಟಿದ್ರೆ ಟಣ್ಣಂತ ನೆಗೆಯುತ್ತೆ."
"ನಿನ್ನ ಚಿಟ್ಟೆ ಮರಿ ಏನ್ ಗಾಳಿ ಕುಡ್ಕೊಂಡು ಬೆಳೆಯುತ್ತಾ? ಅದೂ ಎಲೆ ತಿನ್ನೋದೇ ಕಣಮ್ಮ."
"ಇಲ್ಲಿ ನೆಲದ ಹತ್ರ ಹಾರುತ್ತಲ್ಲ, ಆ ಪುಟ್ಟ ನೀಲಿ ಚಿಟ್ಟೆ ಮರಿ ಟ್ರೇಗಳಲ್ಲಿ ಏಳೋ ಹುಳಿಕಳೆ ತಿನ್ನುತ್ತೆ. ನಿಂಬೆ ಮುಟ್ಟಲ್ಲ."
"ಆ ಹುಳಿಕಳೆ ದಿನಾ ಕೀಳೋರು ಯಾರು?"
ನಾನೇ.
"ಹೋಗಿ ಯಜಮಾನಿಗೇ ಹೇಳು. ನನ್ ತಲೆ ತಿನ್ಬೇಡ."

ಮಾರ್ಚ್ 12
ಒಂದು ಟ್ರೇ ಹುಳಿಕಳೆ ಕೀಳದೆ ಬಿಟ್ಟೆ.

ಮಾರ್ಚ್ 19
ಆರು ಸಸಿ ಹೋದವು. ಉಳಿದವುಗಳ ಎಲೆಯ ಅಂಟಿಗೆ ಮಸಿಯಂಥ ಕಪ್ಪು ಬೂಷ್ಟು ಹಿಡಿದಿದೆ. ಯಜಮಾನಿ ಮಾತ್ರ ಗಿರಾಕಿಗಳನ್ನು ಕರೆತಂದು ಫೋಟೋ ತೆಗೆಸುತ್ತಿದ್ದಾರೆ. "ಸ್ವಲ್ಪ ಹಾರಿಸಮ್ಮ" ಎಂದರು. ಕಡ್ಡಿಯಿಂದ ತಟ್ಟಿದೆ. ಒಂದು ನೆಗೆದು ಗಿರಾಕಿಯ ಕನ್ನಡಕದ ಮೇಲೆ ಕೂತಿತು.
"ನೋಡಿ, ನಿಮ್ಮನ್ನ ಕಂಡ್ರೆ ಎಷ್ಟ್ ಇಷ್ಟ ಇದಕ್ಕೆ."
ತಲೆ ಚಚ್ಚಿಕೊಳ್ಳಬೇಕೆನಿಸಿತು. ದಿನವಿಡೀ ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವವಳಿಗೆ ಕಂಡದ್ದು, ನಿಂತು ನೋಡುವವರಿಗೆ ಕಾಣುವುದೇ ಇಲ್ಲ.

ಮಾರ್ಚ್ 22, ಬೆಳಿಗ್ಗೆ 6.30
ಇನ್ನೂ ಮೂರು ಹೋದವು. ಉಳಿದದ್ದು ಮೂವತ್ತೊಂದು. ಬೋರ್ಡ್ ಕಿತ್ತು ಹುಳಿಕಳೆಯ ಟ್ರೇಗೆ ಚುಚ್ಚಿದೆ. ಅಲ್ಲಿ ಎರಡು ನೀಲಿ ಚಿಟ್ಟೆ, ಉಗುರಿನಷ್ಟು. ಸುಳ್ಳು ಬೋರ್ಡ್ ನಿಜವಾಯಿತು. ಆಮೇಲೆ ಪೈಪ್ ಹಿಡಿದು ಸಸಿಗಳನ್ನೆಲ್ಲ ಜೋರಾಗಿ ತೊಳೆದೆ.

7.15
ಯಜಮಾನಿ ಬಂದಿದ್ದಾರೆ. ಟ್ರೇ ಮುಂದೆ ಬಗ್ಗಿದ್ದಾರೆ. "ಯಾರ್ ಕೆಲಸ ಇದು?" ಮೇಸ್ತ್ರಿ ನನ್ನತ್ತ ನೋಡುತ್ತಿದ್ದಾರೆ. ಹೋಗಬೇಕು. ಮೊದಲ ಮಾತನ್ನು ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಅಲ್ಲಿ ನಾಲಿಗೆ ಏಳುವುದಿಲ್ಲ — ಅಮ್ಮಾ, ತೊಳೆದದ್ದು ನಾನೇ. ಅದು ಚಿಟ್ಟೆಯಲ್ಲ, ಅದು ಸಸಿಯ ರಸ ಹೀರೋ ಜಿಗಿಹುಳ —