ಎಪ್ಪತ್ತೊಂದನೆಯ ನಿಮಿಷದಲ್ಲಿ ನುಂಗಿದ ಮಾತು

ಕಾಲೇಜಿನ ಕ್ರೀಡಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಈ ಬೆಳಿಗ್ಗೆ ನಮ್ಮ ಫ್ಲ್ಯಾಟಿನ ಬಾಗಿಲ ಬಳಿ, ಚಾರಿಟಿ ಅಂಗಡಿಗೆ ಕೊಡಲೆಂದು ಇಟ್ಟ ಹಳೆ ಬಟ್ಟೆಯ ಚೀಲದಲ್ಲಿ ನನ್ನ ತಂಗಿ ನೇತ್ರಾಳ ಗೋಲ್‌ಕೀಪರ್ ಗ್ಲೌಸ್ ಕಂಡೆ. ಕಾಲುಚೀಲ ಮಡಚಿಡುವ ಹಾಗೆ ಒಂದರೊಳಗೊಂದು ಸೇರಿಸಿ ಇಟ್ಟಿದ್ದಳು. ಬೆರಳ ಸಂದಿಯ ಮಣ್ಣನ್ನೂ ತೊಳೆದಿದ್ದಳು. ಹದಿನೇಳು ವರ್ಷದ ಹುಡುಗಿ ತನ್ನದನ್ನು ಇನ್ನೊಬ್ಬರಿಗೆ ದಾಟಿಸುವಾಗ ತೊಳೆದು ಕೊಡುತ್ತಾಳೆ. ನೀವು ನಿಮ್ಮ ತಪ್ಪನ್ನು ಅವಳಿಗೆ ದಾಟಿಸುವಾಗ ಅಷ್ಟೂ ಮಾಡಲಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಅಂತರ ಕಾಲೇಜು ಫುಟ್‌ಬಾಲ್ ಫೈನಲ್‌ನಲ್ಲಿ ನಮ್ಮ ಹುಡುಗಿಯರ ತಂಡ ಎರಡು–ಒಂದರಿಂದ ಸೋತಿತು. ಆ ಸೋಲಿನ ಬಗ್ಗೆ ನೀವು ಬರೆದ ವರದಿಯಲ್ಲಿ ಹನ್ನೊಂದು ಜನರ ಪೈಕಿ ಒಬ್ಬಳ ಪ್ರಸ್ತಾಪ ಮಾತ್ರ ಇದೆ. "ಎಪ್ಪತ್ತೊಂದನೆಯ ನಿಮಿಷದಲ್ಲಿ ಗೋಲ್‌ಕೀಪರ್ ಹಿಂಜರಿದಿದ್ದರಿಂದ ಪಂದ್ಯ ಕೈತಪ್ಪಿತು. ಒತ್ತಡದ ಹೊತ್ತಿನಲ್ಲಿ ಸಹ ಆಟಗಾರರೊಡನೆ ಆಕೆಯ ಸಂವಹನ ಸಾಲದು." ಈ ಎರಡು ವಾಕ್ಯಗಳ ಬಲದ ಮೇಲೆ ನೀವು ಅವಳನ್ನು ತಂಡದಿಂದ ಕೈಬಿಟ್ಟಿರಿ, ಲಂಡನ್ ಮಟ್ಟದ ಆಯ್ಕೆ ಶಿಬಿರಕ್ಕೆ ಕಳಿಸಿದ್ದ ಶಿಫಾರಸನ್ನೂ ತಡೆಹಿಡಿದಿರಿ. ಬರುವ ಗುರುವಾರ ನಾಲ್ಕು ಗಂಟೆಗೆ ನಿಮ್ಮ ಪರಿಶೀಲನಾ ಸಭೆ ಅದನ್ನು ಖಾಯಂ ಮಾಡಲಿದೆ. ಶಿಬಿರದ ವಯೋಮಿತಿ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಸಂವಹನ ಸಾಲದು ಎಂದು ತೀರ್ಪು ಕೊಟ್ಟವರು ಯಾರು? ಫೈನಲ್‌ಗೆ ಮೂರು ವಾರ ಇರುವಾಗ ಆ ಸಂವಹನವನ್ನು ನಿಷೇಧಿಸಿದವರೇ ಅಲ್ಲವೇ?

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಮೂರು ಮೇಲ್ ಬರೆದೆ. ಮೂರಕ್ಕೂ ನಿಮ್ಮ ಕಂಪ್ಯೂಟರ್ ತಾನಾಗಿಯೇ "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಎಂದು ಉತ್ತರಿಸಿತು. ಅಷ್ಟು ಮುಖ್ಯವಾದ ಅಭಿಪ್ರಾಯವನ್ನು ಓದುವವರ ಮುಂದೆಯಾದರೂ ಇಡೋಣವೆಂದು ಇಲ್ಲಿನ ಕನ್ನಡ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮಗಿದರ ಅರ್ಥ ಹೇಳಬಲ್ಲವರು ನಿಮ್ಮ ಕಾಲೇಜಿನಲ್ಲಿಯೇ ಇಬ್ಬರಿದ್ದಾರೆ. ಒಬ್ಬಳನ್ನು ಈಗಷ್ಟೇ ತಂಡದಿಂದ ಕಳಿಸಿದ್ದೀರಿ. ಇನ್ನೊಬ್ಬಳು ಡಿಫೆಂಡರ್ ಸೃಷ್ಟಿ, ನೇತ್ರಾಳ ಗೆಳತಿ.

ಆ ಇಬ್ಬರಿಗೂ ಎಂಟು ವರ್ಷವಾಗಿದ್ದಾಗ ದಕ್ಷಿಣ ಲಂಡನ್ನಿನ ಕ್ರೋಯ್ಡನ್‌ನ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಫುಟ್‌ಬಾಲ್ ಕಲಿಸಿದವರು ನನ್ನ ದಾನಪ್ಪ ಕಾಕಾ. ಕಾಕಾ ಬಸ್ ಓಡಿಸುತ್ತಾರೆ. ಧಾರವಾಡದಲ್ಲಿದ್ದಾಗ ಕಾಲೇಜು ತಂಡದ ಗೋಲ್‌ಕೀಪರ್ ಆಗಿದ್ದರು. ಬಸ್ಸಿನಲ್ಲಿ ಅಚ್ಚುಕಟ್ಟು ಇಂಗ್ಲಿಷ್ ಮಾತಾಡುವ ಮನುಷ್ಯ, ಚೆಂಡು ಕಂಡ ಕೂಡಲೇ ಊರಿಗೆ ಹೋಗಿಬಿಡುತ್ತಾರೆ. "ನಂದೈತಿ ಅನ್ನು, ಜೋರಾಗಿ ಅನ್ನು! ಬಾಯಿ ಬಿಡದ ಕೀಪರ್ ಅಂದ್ರ ಗೋಲಿಗೆ ಇನ್ನೊಂದು ಕಂಬ ಇದ್ದಂಗ!" ಎಂದು ಒಂಬತ್ತು ವರ್ಷ ಕೂಗಿದ್ದಾರೆ. ಹೀಗಾಗಿ ವಿಚಿತ್ರವೊಂದು ನಡೆಯಿತು. ಮನೆಯಲ್ಲಿ ಊಟಕ್ಕೆ ಕರೆದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಈ ಹುಡುಗಿಯರು ಫುಟ್‌ಬಾಲ್ ಮಾತ್ರ ಕನ್ನಡದಲ್ಲಿ ಆಡುತ್ತಾರೆ. ಸೃಷ್ಟಿಯ ತಾಯಿ ಉಷಾ ಆಂಟಿ ಬೆಂಗಳೂರಿನವರು. "ಮನೇಲಿ ಒಂದು ಮಾತೂ ಕನ್ನಡ ಆಡಲ್ಲ ಕಣೇ. ಇಲ್ಲಿ ಬಂದ್ರೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಲ್ಲಿ ಹುಟ್ಟಿದೋಳ ಥರ ಕಿರುಚ್ತಾಳೆ" ಎಂದು ಪ್ರತಿ ಪಂದ್ಯದಲ್ಲೂ ನನ್ನ ಹತ್ತಿರ ಹೇಳುತ್ತಾರೆ. ಹೇಳುವಾಗ ಅವರ ಮುಖದಲ್ಲಿ ಸಂತೋಷವನ್ನಲ್ಲದೆ ಬೇರೇನನ್ನೂ ನಾನು ಕಂಡಿಲ್ಲ.

ಸೆಮಿಫೈನಲ್ ಗೆದ್ದ ಮೇಲೆ ಎದುರಾಳಿ ತಂಡದ ಪೋಷಕರೊಬ್ಬರು, ಈ ಇಬ್ಬರೂ ಅರ್ಥವಾಗದ ಭಾಷೆಯಲ್ಲಿ ತಮ್ಮ ಮಗಳನ್ನು ಅಣಕಿಸಿದರೆಂದು ದೂರು ಕೊಟ್ಟರು. ಏನೆಂದು ಅಣಕಿಸಿದರು ಎಂದು ನೀವು ಹುಡುಗಿಯರನ್ನು ಕೇಳಿದಿರಾ? ಇಲ್ಲ. ಕೇಳುವುದು ಶ್ರಮದ ಕೆಲಸ. ನಿಯಮ ಮಾಡುವುದು ಸುಲಭ. ಮೈದಾನದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು, ಆಡಿದವರನ್ನು ಕೂಡಲೇ ಹೊರಗೆ ಕರೆಯಲಾಗುವುದು, ಇದು "ಎಲ್ಲರನ್ನೂ ಒಳಗೊಳ್ಳುವ" ಉದ್ದೇಶದಿಂದ ಎಂದು ಮೇಲ್ ಕಳಿಸಿದಿರಿ. ಒಳಗೊಳ್ಳುವುದಕ್ಕಾಗಿ ಹೊರಗೆ ಕರೆಯುವ ಈ ಚಮತ್ಕಾರವನ್ನು ನಾನು ಮೂರು ವರ್ಷ ಸಾಹಿತ್ಯ ಓದಿದರೂ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಆ ಇಬ್ಬರು ಉಳಿದ ಒಂಬತ್ತು ಜನರೊಡನೆ ಇಂಗ್ಲಿಷಿನಲ್ಲಿಯೇ ಮಾತಾಡುತ್ತಿದ್ದರು. ಕನ್ನಡವೆಲ್ಲ ತಮ್ಮಿಬ್ಬರ ನಡುವಿನ ನಾಲ್ಕು ಗಜದಲ್ಲಿ, ನಾಲ್ಕೈದು ಮಾತಿನಲ್ಲಿ ಮುಗಿಯುತ್ತಿತ್ತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ನಮ್ಮ ಮಂದಿಯೇ ಮಾಡಬಹುದಾದ ತಪ್ಪು ಅದು. ನೇತ್ರಾ ಆ ಮೇಲ್ ತೋರಿಸಿ, ಇದು ಅನ್ಯಾಯ, ಏನಾದರೂ ಬರೆ ಅಕ್ಕಾ ಎಂದಳು. ಅಜ್ಜಿ ಪಾರ್ವತೆವ್ವ, "ಸಾಲಿಯವರು ಹೇಳ್ಯಾರಂದ್ರ ಮುಗೀತು. ಎದುರು ಮಾತಾಡಬ್ಯಾಡ" ಎಂದರು. ಕಾಕಾ ಕೂಡ, "ಮಾಸ್ತರ ಮಾತು ಮೀರಬಾರದವ್ವ" ಎಂದು ತಲೆ ಕೆಳಗೆ ಹಾಕಿದರು. ಮಗುವನ್ನು ಕಲಿಸುವವರ ಕೈಗೆ ಒಪ್ಪಿಸಿದ ಮೇಲೆ ಅವರನ್ನು ಪ್ರಶ್ನಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನೇನು ಮಾಡಿದೆ ಗೊತ್ತೇ? "ನಿಮ್ಮ ಮಾರ್ಗದರ್ಶನಕ್ಕೆ ಧನ್ಯವಾದಗಳು" ಎಂದು ನಿಮಗೆ ಮೇಲ್ ಬರೆದೆ. ಚೆನ್ನಾಗಿಯೂ ಬರೆದೆ. ಅದಕ್ಕೆ ಮಾತ್ರ ನೀವು ಹತ್ತೇ ನಿಮಿಷದಲ್ಲಿ ಖುದ್ದಾಗಿ ಉತ್ತರಿಸಿದಿರಿ.

ಪಂದ್ಯಗಳನ್ನು ಫೋನಿನಲ್ಲಿ ಚಿತ್ರಿಸುವುದು ನನ್ನ ಕೆಲಸ. ಮಾತು ಕಡಿಮೆಯವರ ಕೈಗೆ ಕ್ಯಾಮೆರಾ ಕೊಡುವುದು ನಮ್ಮವರ ಪದ್ಧತಿ. ಮದುವೆಯಲ್ಲೂ ಅಷ್ಟೇ, ಮೈದಾನದಲ್ಲೂ ಅಷ್ಟೇ. ಗುಂಪಿನಲ್ಲಿ ನಿಲ್ಲಲು ನನಗೆ ಆಗುವುದಿಲ್ಲವಾದ್ದರಿಂದ ದ್ವಿತೀಯಾರ್ಧದಲ್ಲಿ ಯಾವಾಗಲೂ ನೇತ್ರಾಳ ಗೋಲ್ ಕಂಬದ ಪಕ್ಕದಲ್ಲಿ, ಗೆರೆಯಾಚೆ ನಿಂತಿರುತ್ತೇನೆ. ಸೋತ ಮರು ಭಾನುವಾರ ಮಧ್ಯಾಹ್ನ ಆ ಫೈನಲ್ ಅನ್ನು ಉಷಾ ಆಂಟಿಯ ಮನೆಯ ಟಿವಿಗೆ ಹಾಕಿ ಎಲ್ಲರೂ ನೋಡಿದೆವು. ನೇತ್ರಾ ಬರಲಿಲ್ಲ. ಸೃಷ್ಟಿ ಬಂದಳು, ಆದರೆ ಅವಲಕ್ಕಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನಿಮ್ಮ ವರದಿ ಅರ್ಧ ಪುಟ. ನಮ್ಮ ವಿಚಾರಣೆ ನಾಲ್ಕು ಗಂಟೆ ನಡೆಯಿತು. ಕಾಕಾ ರಿಮೋಟ್ ಹಿಡಿದು ಮೊದಲ ಗೋಲನ್ನು ಆರು ಸಲ ಹಿಂದಕ್ಕೆ ಓಡಿಸಿದರು.

"ಇದು ಆಫ್‌ಸೈಡ್. ಕಣ್ಣಿದ್ದವಗ ಕಾಣತೈತಿ. ಈ ರೆಫರಿಗೆ ಯಾವ ಜಿಪಿ ಡಾಕ್ಟರ್ ಕಣ್ಣು ಪರೀಕ್ಷಾ ಮಾಡ್ಯಾನ?"

"ಜಿಪಿ ಅಪಾಯಿಂಟ್‌ಮೆಂಟೇ ಸಿಕ್ಕಿರಲ್ಲ ಬಿಡಿ ದಾನಪ್ಪನೋರೆ, ಪಾಪ" ಎಂದರು ಉಷಾ ಆಂಟಿ.

ಆಮೇಲೆ ಕಾಕಾ ಗಾಳಿಯನ್ನು ಬೈದರು. ಅರವತ್ತನೆಯ ನಿಮಿಷದಲ್ಲಿ ನೀವು ಮಾಡಿದ ಆಟಗಾರ್ತಿಯರ ಬದಲಾವಣೆಯನ್ನು ಬೈದರು. ಎಪ್ಪತ್ತೊಂದು ಬಂದಿತು. ಬಲಗಡೆಯಿಂದ ಗೋಲಿನ ಮುಂದಕ್ಕೆ ಎತ್ತರದ ಕ್ರಾಸ್. ನೇತ್ರಾ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾಳೆ. ಸೃಷ್ಟಿ ತಲೆಯೊಡ್ಡಬೇಕೋ ಬೇಡವೋ ತಿಳಿಯದೆ ನಿಲ್ಲುತ್ತಾಳೆ. ಇಬ್ಬರ ನಡುವೆ ನುಗ್ಗಿದ ಎದುರಾಳಿ ಚೆಂಡನ್ನು ಒಳಗೆ ತಳ್ಳುತ್ತಾಳೆ. ಕಾಕಾ ನಿಟ್ಟುಸಿರು ಬಿಟ್ಟು, "ಇದು ಮಾತ್ರ ನಮ್ಮ ಹುಡುಗಿದ ತಪ್ಪು. ಬರಬೇಕಿತ್ತು" ಎಂದರು. ನಿಮ್ಮ ವರದಿಯನ್ನು ನಾವೂ ಒಪ್ಪಿಯಾಗಿತ್ತು ನೋಡಿ.

ಆಗ ಮಾತಾಡಿದವರು ಅಜ್ಜಿ. ಎಂಬತ್ತರ ಹತ್ತಿರದ ಅವರಿಗೆ ಆಫ್‌ಸೈಡ್ ಎಂದರೇನೆಂದು ತಿಳಿಯದು. ಆ ನಾಲ್ಕು ಗಂಟೆ ಚೆಂಡಿನ ಕಡೆ ನೋಡದೆ ಮೊಮ್ಮಗಳ ಮುಖವನ್ನಷ್ಟೇ ನೋಡಿದವರು ಅವರೊಬ್ಬರು.

"ಅದನ್ನ ಇನ್ನೊಮ್ಮೆ ಹಾಕೋ ದಾನ್ಯಾ. ಆಕಿ ಬಾಯಿ ತೆರದ್ಲು. ಮತ್ತ ಮುಚ್ಚಿದ್ಲು. ಅತ್ತಾಗ ಯಾರನ್ನೋ ನೋಡಿದ್ಲು. ಯಾರನ್ನ ನೋಡಿದ್ಲು?"

ಹಿಂದಕ್ಕೆ ಓಡಿಸಿ, ನಿಧಾನ ಮಾಡಿ ನೋಡಿದೆವು. ಚೆಂಡು ಇನ್ನೂ ಗಾಳಿಯಲ್ಲಿದೆ. ನೇತ್ರಾಳ ಬಾಯಿ ತೆರೆಯುತ್ತದೆ. ಸದ್ದಿಲ್ಲ. ಬಾಯಿ ಮುಚ್ಚುತ್ತದೆ. ಕಣ್ಣು ಎಡಕ್ಕೆ, ಗೆರೆಯ ಕಡೆ ಹೊರಳುತ್ತದೆ. ಅಲ್ಲಿ ಯಾರಿದ್ದರು, ಮಾನ್ಯರೇ? ಕೈಕಟ್ಟಿ ನೀವು ನಿಂತಿದ್ದಿರಿ. ಸೃಷ್ಟಿ ತಟ್ಟೆಯಿಂದ ತಲೆಯೆತ್ತದೆ, "ಶಿ ಡಿಡಂಟ್ ಕಾಲ್. ಶಿ ಆಲ್ವೇಸ್ ಕಾಲ್ಸ್" ಎಂದಳು. ಯಾವಾಗಲೂ ಕೂಗುವವಳು ಅಂದು ಕೂಗಿರಲಿಲ್ಲ.

ಸೆಮಿಫೈನಲ್ ವೀಡಿಯೋ ಹಾಕಿದೆವು. ನಿಯಮ ಬರುವ ಮೊದಲಿನದು. ಅಂಥದ್ದೇ ಕ್ರಾಸ್, ಅದೇ ಬಲಗಡೆಯಿಂದ. "ನಂದೈತಿ!" ಎಂಬ ಕೂಗಿಗೆ ನನ್ನ ಫೋನೇ ನಡುಗಿದೆ. ಸೃಷ್ಟಿ ಕೂಡಲೇ ಬಗ್ಗುತ್ತಾಳೆ, ಚೆಂಡು ನೇತ್ರಾಳ ಕೈಯಲ್ಲಿ. ಆಮೇಲೆ ನಾನು ಮನೆಯಲ್ಲಿ ಎರಡೂ ಪಂದ್ಯಗಳ ದ್ವಿತೀಯಾರ್ಧವನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದೆ. ಸೆಮಿಫೈನಲ್‌ನಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ಮೂವತ್ತೆಂಟು ಸಲ ಕೂಗಿದ್ದಾರೆ. ಫೈನಲ್‌ನಲ್ಲಿ ಎಂಟು ಸಲ, ಎಂಟೂ ತಡವಾಗಿ. ಮೂವತ್ತೆಂಟರಲ್ಲಿ ಯಾರನ್ನೂ ಅಣಕಿಸಿದ ಒಂದು ಮಾತಿಲ್ಲ. ಫೈನಲ್ ಗೆದ್ದ ತಂಡದ ಇಬ್ಬರು ಹುಡುಗಿಯರು ಪಂದ್ಯದುದ್ದಕ್ಕೂ ಪೋರ್ಚುಗೀಸಿನಲ್ಲಿ ಕೂಗಾಡುವುದು ಸ್ಪಷ್ಟವಾಗಿ ಕೇಳುತ್ತದೆ. ಅವರ ಕಾಲೇಜಿನ ಮುಖ್ಯಸ್ಥರು ಇಷ್ಟು ಒಳಗೊಳ್ಳುವವರಲ್ಲವೆಂದು ಕಾಣುತ್ತದೆ, ಪಾಪ, ಕಪ್ ಅಷ್ಟೇ ಗೆದ್ದರು. ಎರಡನೆಯ ಗೋಲಾದ ಕ್ಷಣ ನೀವಾಡಿದ ಮಾತುಗಳೂ ದಾಖಲಾಗಿವೆ. ಅವನ್ನು ಇಲ್ಲಿ ಬರೆಯುವಂತಿಲ್ಲ. ನಿಯಮದಂತೆ ಅವು ಶುದ್ಧ ಇಂಗ್ಲಿಷಿನಲ್ಲಿಯೇ ಇವೆ.

ಆ ರಾತ್ರಿ ನೇತ್ರಾಳ ಹಾಸಿಗೆಯ ತುದಿಯಲ್ಲಿ ಕೂತು ಕೇಳಿದೆ. ನನಗೆ ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಗೋಡೆಯ ಕಡೆ ತಿರುಗಿಕೊಂಡೇ, "ಬಾಯಾಗ ಬಂದಿತ್ತು ಅಕ್ಕಾ. ಅಂದ್ರ ಹೊರಗ ಕರೀತಾರಂತ ನುಂಗಿದೆ. ಇಂಗ್ಲಿಷ್‌ದಾಗ ಏನನ್ನಬೇಕಂತ ಹುಡುಕೋದ್ರಾಗ ಗೋಲಾಗಿತ್ತು" ಎಂದಳು. ನಾನು ಬರೆದ ಧನ್ಯವಾದದ ಮೇಲ್ ಅವಳು ಓದಿದ್ದಾಳೆ.

ನೀವು ಇದನ್ನು ಹಿಂಜರಿಕೆ ಎನ್ನುತ್ತೀರಿ. ನಾನು ವಿಧೇಯತೆ ಎನ್ನುತ್ತೇನೆ. ಆ ಇಡೀ ಮೈದಾನದಲ್ಲಿ ಸೋಲುವ ಮಟ್ಟಿಗೆ ನಿಮ್ಮ ಮಾತು ಕೇಳಿದವಳು ಅವಳೊಬ್ಬಳೇ. ಅದಕ್ಕೆ ಬಹುಮಾನವಾಗಿ ಅವಳ ದಾರಿಯನ್ನೇ ಮುಚ್ಚಲು ಹೊರಟಿದ್ದೀರಿ. ನಿಯಮ ಮಾಡಿದ ಕೈಯೇ ವರದಿಯನ್ನೂ ಬರೆದರೆ, ಆ ವರದಿಯಲ್ಲಿ ನಿಯಮದ ಹೆಸರು ಬರುವುದಾದರೂ ಹೇಗೆ?

ನಾನು ಕೇಳುವುದು ದಯೆಯಲ್ಲ. ಆ ಎರಡು ವಾಕ್ಯಗಳನ್ನು ವರದಿಯಿಂದ ತೆಗೆಯಿರಿ. ಅವುಗಳ ಜಾಗದಲ್ಲಿ ನಿಮ್ಮ ನಿಯಮವನ್ನೂ ಅದು ಹೊರಟ ದಿನಾಂಕವನ್ನೂ ಬರೆಯಿರಿ. ನೇತ್ರಾಳ ಶಿಫಾರಸನ್ನು ಶಿಬಿರದ ಹೆಸರುಪಟ್ಟಿ ಮುಚ್ಚುವ ಮೊದಲು, ಅಂದರೆ ಶುಕ್ರವಾರದೊಳಗೆ, ಮತ್ತೆ ಕಳಿಸಿರಿ. ಗುರುವಾರದ ಸಭೆಯಲ್ಲಿ ಎರಡೂ ಪಂದ್ಯಗಳ ವೀಡಿಯೋವನ್ನು ಧ್ವನಿಸಹಿತ ನೋಡಿರಿ. ಧ್ವನಿಸಹಿತ ಎಂದು ಒತ್ತಿ ಹೇಳುತ್ತಿದ್ದೇನೆ.

ಆ ಸಭೆಗೆ ವಿದ್ಯಾರ್ಥಿಯ ಪರವಾಗಿ ಮನೆಯ ಹಿರಿಯರೊಬ್ಬರು ಬಂದು ಮಾತಾಡಬಹುದೆಂದು ನಿಮ್ಮ ಫಾರ್ಮಿನಲ್ಲಿದೆ. ಅಮ್ಮನಿಗೆ ಅಂದು ಆಸ್ಪತ್ರೆಯಲ್ಲಿ ಶಿಫ್ಟ್. ಕಾಕಾ ನಿಮ್ಮೆದುರು ಬಂದರೆ ಮತ್ತೆ "ಸರ್" ಎಂದು ತಲೆ ತಗ್ಗಿಸುತ್ತಾರೆ, ಅವರನ್ನು ನಾನು ಬಲ್ಲೆ. ವಿಶ್ವವಿದ್ಯಾಲಯದ ಮೂರು ವರ್ಷದಲ್ಲಿ ಒಂದು ಸೆಮಿನಾರಿನಲ್ಲೂ ನಾನು ಬಾಯಿ ಬಿಟ್ಟವಳಲ್ಲ. ಹೆಸರು ಕರೆದರೆ ಕುತ್ತಿಗೆಯವರೆಗೆ ಕೆಂಪಾಗುತ್ತಿದ್ದೆ. ನಿನ್ನೆ ಆ ಫಾರ್ಮಿನ ಖಾಲಿ ಜಾಗದಲ್ಲಿ ನನ್ನ ಹೆಸರು ತುಂಬಿ ಕಳಿಸಿದ್ದೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಇಂತಿ,
ಈವರೆಗೆ ತಮ್ಮ ವಿಧೇಯಳಾಗಿದ್ದ
ಸ್ಮೃತಿ
ಕ್ರೋಯ್ಡನ್