ಕಪಾಟಿನಲ್ಲಿದ್ದ ಹಲ್ಲುಗಳು

ಅಣ್ಣಿಗೇರಿ
೧೨ ಅಕ್ಟೋಬರ್ ೧೯೮೬

ಪ್ರೀತಿಯ ಉಡಚಪ್ಪನಿಗೆ,

ಲಕ್ಷ್ಮಣನ ನಮಸ್ಕಾರ. ನಿನ್ನ ಪತ್ರ ಬಂದು ಎರಡು ತಿಂಗಳು ದಾಟಿತು. ಸಿಟ್ಟಾಗಿರುತ್ತೀ. ಎರಡು ಸಲ ಬರೆಯಲು ಕೂತು, ಅರ್ಧಕ್ಕೆ ಹರಿದು ಹಾಕಿದೆ. ಕುಂದಗೋಳದ ನಿನ್ನ ಹಲ್ಲಿನ ದವಾಖಾನೆಗೆ ಹೊಸ ಕುರ್ಚಿ ಬಂತೆಂದು ಓದಿ ಸಂತೋಷವಾಯಿತು. ಮಗಳ ಕೆಮ್ಮು ಈಗ ಹೇಗಿದೆ? ಇಲ್ಲಿ ಮಳೆ ಹಿಡಿದು ಕೂತಿದೆ, ಎರೆಮಣ್ಣು ಚಪ್ಪಲಿಯನ್ನೇ ಎಳೆದುಕೊಳ್ಳುತ್ತದೆ.

ವಿಮಾ ಕಂಪನಿಯ ಡಾಕ್ಟರರ ಪ್ಯಾನೆಲ್‌ನಲ್ಲಿ ಉಳಿಯಲೋ ಬಿಡಲೋ ಎಂದು ನೀನು ಕೇಳಿದ್ದೆ. ನಾನು ಬಿಟ್ಟೆ. ಯಾಕೆ ಎಂದು ಇಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಿನಗೆ ಹೇಳುತ್ತೇನೆ, ನಗಬೇಡ.

ನಿಯಮ ನಿನಗೂ ಗೊತ್ತು. ಹತ್ತಿ ಗಿರಣಿಯ ಆಳುಗಳು ಕಂಪನಿಯ ಹಸಿರು ಕಾರ್ಡು ತರುತ್ತಾರೆ. ಹಲ್ಲು ಕಿತ್ತರೆ ಕಂಪನಿ ಹಣ ಕೊಡುತ್ತದೆ, ತುಂಬಿದರೆ ಕೊಡುವುದಿಲ್ಲ. ಕಿತ್ತದ್ದಕ್ಕೆ ಸಾಕ್ಷಿಯಾಗಿ ಹಲ್ಲನ್ನು ಹೆಸರು ಬರೆದ ಬಾಟಲಿಯಲ್ಲಿ ವರ್ಷವಿಡೀ ಇಡಬೇಕು. ಈ ಬಾಟಲಿಗಳ ಕಪಾಟು ನನ್ನ ಕುರ್ಚಿಯ ಬಾಜೂಕ್ಕೇ ಇತ್ತು.

ಜುಲೈನಲ್ಲಿ ಕಸ್ತೂರೆವ್ವ ಬಂದಳು. ಗಿರಣಿಯಲ್ಲಿ ಹತ್ತಿ ಆರಿಸುವವಳು, ಮಾತು ಕಡಿಮೆ. ಬೇಸಿಗೆಯಲ್ಲಿ ಅವಳ ಕೆಳಗಿನ ದವಡೆ ಹಲ್ಲೊಂದನ್ನು ಕಿತ್ತಿದ್ದೆ.

"ಹಲ್ಲು ಥಂಡಿ ಹಿಡದೈತ್ರಿ" ಎಂದಳು.

"ಯಾವ ಹಲ್ಲವಾ?"

"ನೀವು ಕಿತ್ತದ್ದ ರೀ."

ವಸಡು ನೋಡಿದೆ. ಗಾಯ ಚೆನ್ನಾಗಿ ಮಾಗಿತ್ತು. ಕಾಲು ಕಳೆದುಕೊಂಡವರಿಗೂ ಇಲ್ಲದ ಕಾಲು ನೋಯುತ್ತದೆ, ಹೆದರಬೇಡ ಎಂದೆ. ಅವಳು ತಲೆಯಾಡಿಸಿದಳು. "ಬಾಯಾಗ ಅಲ್ರಿ. ಹಲ್ಲಿಗೇ ಥಂಡಿ. ಮುಂಜಾನಿಂದ ನೀರಾಗ ಮುಳುಗಿಸಿಟ್ಟಂಗ ಆಗೈತಿ."

ನನ್ನ ಕಂಪೌಂಡರ್ ದಾವೂದಸಾಬ ಸಾಮಾನು ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ಅವಳು ಹೋದ ಮೇಲೆ ಕಪಾಟು ತೆರೆದು ತೋರಿಸಿದ. ಇರುವೆ ಸೇರಿದ್ದವೆಂದು ಅವತ್ತು ಮುಂಜಾನೆ ಎಲ್ಲ ಬಾಟಲಿಗಳಿಗೂ ಸ್ಪಿರಿಟ್ ತುಂಬಿದ್ದನಂತೆ. ನನಗೂ ಹೇಳಿರಲಿಲ್ಲ.

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಆಗಸ್ಟ್ ಕೊನೆಗೆ ಕಂಪನಿಯ ಇನ್ಸ್‌ಪೆಕ್ಟರ್ ಬಂದ. ಚಹಾ ಕುಡಿಯುತ್ತ ಬಾಟಲಿಗಳನ್ನು ಒಂದೊಂದಾಗಿ ನೋಡಿದ. "ಭಾಳ ಚಲೋ ಕೆಲಸರಿ ಡಾಕ್ಟರ. ಹಲ್ಲು ತುಂಬೂ ಅರ್ಜಿ ನಿಮ್ಮಿಂದ ಒಂದೂ ಇಲ್ಲ" ಎಂದು ಮೆಚ್ಚಿದ. ಮಾತಿನ ನಡುವೆ ಒಂದು ಬಾಟಲಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದ, ಮೂರು ಸಲ. ಚೀಟಿಯ ಮೇಲೆ ಕಸ್ತೂರೆವ್ವನ ಹೆಸರಿತ್ತು.

ಮರುದಿನ ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. "ನಿನ್ನಿ ಮಧ್ಯಾಹ್ನ ಯಾರ್ರಿ ಅದನ್ನ ಅಳ್ಳಾಡಿಸಿದ್ದು? ಮೂರು ಸಲ. ಕಣ್ಣಿಗೆ ಕತ್ತಲಿ ಬಂದು ಗಿರಣ್ಯಾಗ ಬಿದ್ನಿ."

ಬೆಂಚಿನ ಮೇಲೆ ಗಿರಣಿಯ ಹೆಂಗಸರು ನಾಲ್ಕೈದು ಮಂದಿ ಇದ್ದರು. ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕಪಾಟಿನ ಮೇಲಿತ್ತು. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದರೋ, ನಾನು ಗಮನಿಸಿರಲಿಲ್ಲ.

ಅವರೆಲ್ಲ ಹೋದ ಮೇಲೆ ಅವಳ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಕಿಕಾಳಿನಷ್ಟು ಹುಳುಕು. ಬೇರು ಗಟ್ಟಿ. ಅರ್ಧ ತಾಸಿನ ಕೆಲಸದಲ್ಲಿ ಉಳಿಯುತ್ತಿದ್ದ ಹಲ್ಲು ಅದು, ಉಡಚಪ್ಪ. ಇನ್ನೊಂದನ್ನು ನೋಡಿದೆ, ಮತ್ತೊಂದನ್ನು. ಹೆಚ್ಚಿನವು ಅಂಥವೇ. ಮೂವತ್ತು ಹಲ್ಲು ಆದ ಮೇಲೆ ಮುಂದೆ ನೋಡುವ ಧೈರ್ಯವಾಗಲಿಲ್ಲ.

ಪ್ಯಾನೆಲ್ ಬಿಡುತ್ತೇನೆ ಎಂದಾಗ ದಾವೂದಸಾಬ ತಡೆದ. "ಬಿಟ್ರ ಆ ಹೆಣ್ಣಮಕ್ಕಳು ಎಲ್ಲಿ ಹೋಗಬೇಕ್ರಿ? ಹುಬ್ಬಳ್ಳಿಗೆ ಹೋದ್ರ ಒಂದ ದಿನದ ಪಗಾರ ಹೋಗತೈತಿ."

"ಇಲ್ಲೇ ಬರಲಿ. ಕೈಲಾದಷ್ಟು ಕೊಡಲಿ, ಇಲ್ಲದಿದ್ರ ಬ್ಯಾಡ."

"ಬರೂದಿಲ್ರಿ. ಪುಕ್ಕಟ ಅಂದ್ರ ಅವರಿಗೆ ನಾಚಿಕಿ. ಕಾರ್ಡು ಅಂದ್ರ ಹಕ್ಕು."

ಅವನ ಮಾತು ಸರಿಯಿತ್ತು. ಎಂಟು ದಿನ ಯೋಚಿಸಿದೆ. ನಾನು ಉಳಿದುಕೊಂಡು ಹಲ್ಲು ತುಂಬಿದರೆ ಅದಕ್ಕೂ ಹಣ ಕೊಡಲಾಗದೇ ಎಂದು ಕಂಪನಿಗೂ ಬರೆದು ಕೇಳಿದೆ. ಹಲ್ಲು ತುಂಬುವುದು ಶೋಕಿಯ ಲೆಕ್ಕಕ್ಕೆ ಸೇರುತ್ತದೆ ಎಂದು ಎರಡು ಸಾಲಿನ ಉತ್ತರ ಬಂತು. ಅಂದೇ ರಾಜೀನಾಮೆ ಕಳಿಸಿದೆ.

ನಾನೂ ದಾವೂದಸಾಬನೂ ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಗಿರಣಿಯ ಓಣಿಗೆ ಹೋದೆವು. ಮನೆಮನೆಗೆ ಹೆಸರು ಕೂಗಿ ಕೊಟ್ಟೆವು. ಹುಚ್ಚು ಎಂದು ಯಾರೂ ಅನ್ನಲಿಲ್ಲ. ಕಾಯುತ್ತಿದ್ದವರಂತೆ ಕೈಯೊಡ್ಡಿದರು. ಕಸ್ತೂರೆವ್ವ ಹಲ್ಲನ್ನು ಅಂಗೈಗೆ ಸುರಿದುಕೊಂಡು, ಸೆರಗಿನಿಂದ ಒರೆಸಿ, ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ, "ಈಗ ಬೆಚ್ಚಗಾತ್ರಿ" ಎಂದಳು.

ಈಗ ಬೆಂಚು ಮುಕ್ಕಾಲು ಖಾಲಿ. ದಾವೂದಸಾಬ ಹೇಳಿದಂತೆಯೇ ಆಯಿತು. ಕಸ್ತೂರೆವ್ವ ಕೂಡ ಹೋದ ವಾರ ಕಾರ್ಡು ಹಿಡಿದು ಹುಬ್ಬಳ್ಳಿಗೆ ಹೋಗಿ ಇನ್ನೊಂದು ಹಲ್ಲು ಕೀಳಿಸಿಕೊಂಡು ಬಂದಳಂತೆ. ಬಂದವರ ಹಲ್ಲು ತುಂಬುತ್ತೇನೆ. ನೀನು ಬಿಡು ಎಂದು ಹೇಳಲಾರೆ, ನಿನ್ನ ಸಂಸಾರ ದೊಡ್ಡದು. ಪ್ಯಾನೆಲ್‌ನ ಕರಾರಿಗೆ ಮತ್ತೆ ಸಹಿ ಹಾಕುವ ಮೊದಲು ನಿನ್ನ ಕಪಾಟಿನ ಹಲ್ಲುಗಳನ್ನೊಮ್ಮೆ ಬೆಳಕಿಗೆ ಹಿಡಿದು ನೋಡು, ಅಷ್ಟೇ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ಮಗಳಿಗೆ ಆಯುಷ್ಯ ಆರೋಗ್ಯ ಹೆಚ್ಚಲಿ.

ನಿನ್ನ
ಲಕ್ಷ್ಮಣಪ್ಪ

ತಾ.ಕ.: ಒಂದು ಸುದ್ದಿ ಬರೆಯದೆ ಮುಗಿಸುತ್ತಿದ್ದೆ. ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ಆ ಗಿರಣಿಯಲ್ಲಿ ದುಡಿದೇ ನನ್ನನ್ನು ಓದಿಸಿದವಳು, ಅವಳ ಹೆಸರಿನಲ್ಲೂ ಕಾರ್ಡು ಇತ್ತು. ಯುಗಾದಿಯ ಹೊತ್ತಿಗೆ "ನೋವು ಕಡಿಮಿ ಮಾಡಪಾ" ಎಂದು ಸಾಲಿನಲ್ಲಿ ಕೂತು ಬಂದಳು. ಹೊರಗೆ ಮಂದಿ ಕಾಯುತ್ತಿದ್ದರು. ಎಲ್ಲರಿಗೂ ಮಾಡಿದ್ದನ್ನೇ ಅವಳಿಗೂ ಮಾಡಿದೆ, ಎರಡು ಹಲ್ಲು ಕಿತ್ತೆ. ಕೊನೆಯ ದಿನಗಳಲ್ಲಿ ಕೆನ್ನೆಗೆ ಕೈಯಿಟ್ಟು, "ಲಕ್ಷ್ಮಣಾ, ಆ ಕಪಾಟು ಮುಚ್ಚಪಾ, ಥಂಡಿ ಬರತೈತಿ" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಕಪಾಟಿಲ್ಲ. ಜ್ವರದ ಮಾತೆಂದು ಕಂಬಳಿ ಹೊದಿಸಿದೆ. ಅವಳ ಬಾಟಲಿ ಮಾತ್ರ ನನ್ನಲ್ಲೇ ಉಳಿದಿದೆ. ಅಂಗಿಯ ಒಳಜೇಬಿನಲ್ಲಿ, ಎದೆಗೆ ತಾಗುವಂತೆ ಇಟ್ಟುಕೊಂಡಿದ್ದೇನೆ. ಬೆಚ್ಚಗಾಯಿತೋ ಇಲ್ಲವೋ, ಹೇಳುವವರು ಯಾರೂ ಇಲ್ಲ.