ಶೋಕೇಸಿನ ಬುದ್ಧ

ಏಪ್ರಿಲ್ 20, ಭಾನುವಾರ

ನೀರು ಬಂತು. ಸಂಪು ತುಂಬಿಸಿದ್ದಾಯ್ತು. ಬಟ್ಟೆ ಮೆಷೀನಿಗೆ ಹಾಕಿ ಈಗ ಕೂತೆ. ಸಖರಾಯಪಟ್ಟಣದ ಬಸ್ಸು ಹಿಡಿಯುವ ಗಡಿಬಿಡಿಯಿಲ್ಲ, ಸ್ಕೂಲಿಗೆ ರಜೆ. ಆದರೂ ಟೀಚರಮ್ಮನಿಗೆ ಬಿಡುವಿಲ್ಲ.

ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಮೊದಲ ಗುಡ್ ಮಾರ್ನಿಂಗ್ ಎಂದಿನಂತೆ ಪ್ರೇಮಮ್ಮನವರದು. ಪಕ್ಕದ ಮನೆ, ನಮ್ಮ ಓನರ್ರೂ ಅವರೇ. ಇವತ್ತೂ ಬುದ್ಧನ ಚಿತ್ರ, ತಾವರೆ, ಕೋಪ ಬಿಡಿ ಎಂದು ಎರಡು ಸಾಲು. ಅದರ ಬೆನ್ನಿಗೇ ಹಾಲಿನವನ ಮೇಲೆ ಅವರು ಕೂಗಾಡಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು.

ನಗಬಾರದು. ಒಳ್ಳೆಯ ಹೆಂಗಸು. ಕಡೂರಿನಲ್ಲಿ ಇಂಥ ಏರಿಯಾ ಸಿಗುವುದೂ ಕಷ್ಟ — ಪಾರ್ಕು, ಜಾರುಬಂಡೆ, ಬಾಗಿಲಿಗೇ ಸ್ಕೂಲ್ ವ್ಯಾನು, ಸಂಜೆಯಾದರೆ ರಸ್ತೆ ತುಂಬಾ ಮಕ್ಕಳ ಸೈಕಲ್ಲು. ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ನೋಡಿ ನಮ್ಮವರು, ಸಿದ್ದೇಶ್, ಹಿಗ್ಗಿದ್ದರು. "ನಮ್ದೂ ಫ್ಯಾಮಿಲಿನೇ ಅಲ್ವೇನೇ ಕೋಮಲಾ?" ಭೂಮಿಕಾಗೆ ಪ್ರೇಮಮ್ಮನವರ ಮೊಮ್ಮಗಳು ಅಮೂಲ್ಯಾ ಸಿಕ್ಕಿದ್ದಾಳೆ. ಒಂದೇ ಕ್ಲಾಸು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಊಟಕ್ಕೆ ಕೂರುವುದಿಲ್ಲ.

ನಡುಮನೆಯಲ್ಲಿರುವ ನಮ್ಮ ಬುದ್ಧನನ್ನು ಮೊದಲ ದಿನವೇ ಪ್ರೇಮಮ್ಮ ನೋಡಿದ್ದರು. ಮಾವ ನಾಗಪುರದಿಂದ ಎದೆಗವಚಿಕೊಂಡು ತಂದ ಮೂರ್ತಿ ಅದು. "ಎಷ್ಟ್ ಚೆನ್ನಾಗೈತೆ ಕಣಮ್ಮಾ ಶೋ ಪೀಸು! ನಮ್ ಶೋಕೇಸಲ್ಲೂ ಒಂದೈತೆ. ಮನೇಲಿದ್ರೆ ಶಾಂತಿಯಂತೆ." ನಾನು ಹೂಂ ಅಂದೆ. ಅವರು ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಸಿದ್ದೇಶ್ ಎಂಬ ಹೆಸರು ಕೇಳಿ ತಮ್ಮವರೇ ಅಂದುಕೊಂಡಿರಬೇಕು. ಮೊನ್ನೆ ಅಂಬೇಡ್ಕರ್ ಜಯಂತಿಗೆ ಲಕ್ಕವಳ್ಳಿಗೆ ಹೊರಟಾಗಲೂ ‘ಊರಲ್ಲಿ ಫಂಕ್ಷನ್’ ಎಂದಷ್ಟೇ ಹೇಳಿದೆ. ಯಾಕೆ ಹಾಗೆ ಹೇಳಿದೆನೋ... ಆಗ ನಗು ಬರಲಿಲ್ಲ.

ಏಪ್ರಿಲ್ 30, ಬಸವ ಜಯಂತಿ

ಪ್ರೇಮಮ್ಮ ಒಬ್ಬಟ್ಟು ಕಳಿಸಿದರು, ತುಪ್ಪ ಬೇರೆ. ಈ ಬೀದಿಯಲ್ಲಿ ಡಬ್ಬಿ ಖಾಲಿ ವಾಪಸ್ ಕೊಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಾನು ಕೋಡುಬಳೆ ಹಾಕಿ ಕಳಿಸಿದೆ. ಬಂದ ದಿನದಿಂದ ಎರಡು ಮನೆಯ ಡಬ್ಬಿಗಳು ಹೀಗೇ ಓಡಾಡಿಕೊಂಡಿವೆ, ಯಾವುದು ಯಾರದ್ದೆಂದು ಹೆಸರು ನೋಡಿಯೇ ಹೇಳಬೇಕು.

ಪ್ರೇಮಮ್ಮನವರ ಯಜಮಾನರು ತೀರ್ಥಪ್ಪನವರು ಬಿಳಿ ಪಂಚೆಯುಟ್ಟು ಮೆರವಣಿಗೆಗೆ ಹೋಗಿದ್ದರು. ಮನುಷ್ಯರೆಲ್ಲ ಒಂದೇ ಅಂತ ಭಾಷಣ ಮಾಡಿದರಂತೆ. ಗ್ರೂಪಿನಲ್ಲಿ ವಿಡಿಯೋ ಇದೆ. ಚೆನ್ನಾಗಿಯೇ ಮಾತಾಡಿದ್ದಾರೆ.

ಮೇ 11

ಅತ್ತೆ ಬಂದರು. ನಾಳೆ ಬುದ್ಧ ಪೂರ್ಣಿಮೆ. ನಮ್ಮವರು ಕಾಫಿ ಕುಡಿಯುತ್ತಾ ಮೆಲ್ಲಗೆ ಅಂದರು, "ಸಂಜೆ ಪರದೆ ಎಳ್ಕೊಂಡು ಮಾಡಿದ್ರಾಯ್ತು ಕಣವ್ವಾ."

ಅತ್ತೆ ಲೋಟ ಕೆಳಗಿಟ್ಟರು. "ಯಾಕ್ಲಾ? ಕಳ್ತನ ಮಾಡ್ತೀವಾ?"

ಪರದೆಯ ಯೋಚನೆ ನನಗೂ ಬಂದಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಮೇ 12, ಸಂಜೆ

ಪರದೆ ಎಳೆಯಲಿಲ್ಲ. ಬಿಳಿ ಸೀರೆ, ಮೇಣದಬತ್ತಿ, ಭೂಮಿಕಾ ಒಂದೂ ತಪ್ಪಿಲ್ಲದೆ ಪಂಚಶೀಲ ಹೇಳಿದಳು. ಕಿಟಕಿಯಾಚೆ ಅಮೂಲ್ಯಾ ಸೈಕಲ್ ನಿಲ್ಲಿಸಿ ಬಾಯಿ ಬಿಟ್ಟು ನೋಡುತ್ತಿದ್ದಳು.

ಆಮೇಲೆ ಅತ್ತೆ ಸ್ಟೀಲ್ ಡಬ್ಬಿಗೆ ಪಾಯಸ ತುಂಬಿಕೊಂಡು ತಾವೇ ಪಕ್ಕದ ಮನೆಗೆ ಹೊರಟರು. ನಾನು ಹಿಂದೆಯೇ ಓಡಿದೆ.

"ಏನ್ ದುರ್ಗಮ್ನೋರೇ, ಇವತ್ತು ವಿಶೇಷ?" ಎಂದು ಪ್ರೇಮಮ್ಮ ನಗುತ್ತಲೇ ಡಬ್ಬಿ ತೆಗೆದುಕೊಂಡರು.

"ಬುದ್ಧ ಹುಟ್ಟಿದ್ ದಿನ ಅಲ್ವೇನವ್ವಾ. ಬಾಬಾಸಾಹೇಬ್ರು ತೋರ್ಸಿದ್ ದಾರಿ ನಮ್ದು."

"ಅಂದ್ರೆ... ನೀವು..."

"ಹೂಂ ಕಣವ್ವಾ. ಅವ್ರೇ."

ಪ್ರೇಮಮ್ಮ ಡಬ್ಬಿ ಹಿಡಿದೇ ನಿಂತಿದ್ದರು. ನಗು ಮುಖದಲ್ಲೇ ಇತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಅತ್ತೆ ಹಾಯಾಗಿ ಬಂದು ಎರಡು ಬಟ್ಟಲು ಪಾಯಸ ಕುಡಿದರು.

ಮೇ 13

ಪ್ರೇಮಮ್ಮನವರ ಗುಡ್ ಮಾರ್ನಿಂಗ್ ಬಂತು. ಬುದ್ಧನ ಬದಲು ಗುಲಾಬಿ ಹೂ.

ಮೇ 19

ದಿನವೂ ಹೂವೇ. ಡಬ್ಬಿ ಬಂದಿಲ್ಲ.

ಅಮೂಲ್ಯಾ ಕೂಡ ಬರುತ್ತಿಲ್ಲ. ಕೇಳಿದರೆ "ಮಗೂಗೆ ನೆಗಡಿ ಕಣಮ್ಮಾ" ಎಂದರು ಪ್ರೇಮಮ್ಮ, ಕಾಂಪೌಂಡಿನಾಚೆಯಿಂದ, ತುಳಸಿ ಗಿಡದ ಕಡೆ ನೋಡುತ್ತಾ. ಸಂಜೆ ಅದೇ ನೆಗಡಿಯ ಹುಡುಗಿ ಹಿಂದಿನ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದಳು. ಭೂಮಿಕಾ ಗೇಟು ಹಿಡಿದು ನಿಂತು ನೋಡಿ ಒಳಗೆ ಬಂದಳು. "ನಾನೇನಾದ್ರೂ ತಪ್ಪು ಮಾಡಿದ್ನಾ ಅಮ್ಮಾ?"

ಇಲ್ಲ ಅಂದೆ. ಮತ್ತೆ ಯಾಕೆ ಅಂದಳು. ಕ್ಲಾಸಿನಲ್ಲಿ ಎಂಥ ಪ್ರಶ್ನೆಗೂ ಉತ್ತರ ಹೇಳುವವಳು ನಾನು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮೇ 25, ಭಾನುವಾರ

ತೀರ್ಥಪ್ಪನವರು ಬಂದಿದ್ದರು. ಒಳಗೆ ಬನ್ನಿ ಎಂದರೂ ಸಿಟೌಟಿನಲ್ಲೇ ನಿಂತರು. ಕಾಫಿ ಬೇಡ, ಆಗಲೇ ಆಯ್ತಂತೆ.

"ಸಿದ್ದೇಶಪ್ಪಾ, ನಮ್ ಹುಡ್ಗ ವಿಶ್ವಾರಾಧ್ಯ ಬೇರೆ ಇರ್ತೀನಿ ಅಂತಾನೆ. ಈ ಮನೆ ಬೇಕಾಗಿತ್ತು. ಅರ್ಜೆಂಟೇನಿಲ್ಲ... ಸ್ಕೂಲು ಶುರುವಾಗೋದ್ರೊಳಗೆ ಆದ್ರೆ ನಿಮ್ಗೂ ಅನುಕೂಲ."

ಎಷ್ಟು ನಯ! ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಂಜೆ ಪಾರ್ಕಿನಲ್ಲಿ ಆ ವಿಶ್ವಾರಾಧ್ಯನೇ ಸಿಕ್ಕಿದ್ದ. ಇವರು ವಿಚಾರಿಸಿದರೆ ಅವನು ಬೆಪ್ಪಾದ. "ನಾನಾ? ನಾನ್ಯಾಕ್ ಸಾರ್ ಬೇರೆ ಹೋಗ್ಲಿ?" ಎಂದು, ಆಮೇಲೆ ಏನೋ ಹೊಳೆದವನಂತೆ ತಲೆ ತಗ್ಗಿಸಿ ಹೊರಟುಹೋದನಂತೆ.

"ತರೀಕೆರೇಲಿ ಬೇರೆ ಮನೆ ನೋಡೋಣ ಬಿಡೇ. ಮನಸ್ಸಿಲ್ಲದೋರ ಮನೇಲಿ ಯಾಕಿರ್ಬೇಕು?" ಎಂದರು ಇವರು.

"ಹೋಗೋಣ ರೀ. ಆದ್ರೆ ಯಾಕೆ ಅಂತ ಅವ್ರ್ ಬಾಯಲ್ಲೇ ಹೇಳ್ಲಿ. ಮಗನ್ ಹೆಸ್ರು ಯಾಕೆ ಹೇಳ್ತಾರೆ?"

"ಹೇಳಿಸ್ಕೊಂಡು ಏನ್ ಮಾಡ್ತೀಯಾ?"

ಗೊತ್ತಿಲ್ಲ. ಆದರೆ ಬೇಕು. ಭೂಮಿಕಾಗೆ ನಾನು ಏನು ಹೇಳಲಿ — ವಿಶ್ವಾರಾಧ್ಯ ಅಂಕಲ್‌ಗೆ ಮನೆ ಬೇಕಿತ್ತು, ಅದಕ್ಕೇ ಅಮೂಲ್ಯಾ ಮಾತು ಬಿಟ್ಟಳು ಅಂತಲೇ?

ಮೇ 28

ಇವರು ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದರು. ಒಂದಕ್ಕೂ ಏನೂ ತುಂಬಲಿಲ್ಲ ನಾನು. ಫೋನಿನಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು, "ನನ್ ಡಬ್ಬಿ ಬಂತಾ?"

ಜೂನ್ 1, ಭಾನುವಾರ, ಸಂಜೆ

ಡಬ್ಬಿ ಬಂತು.

ಅಮೂಲ್ಯಾ ತಂದಳು. ಎಷ್ಟು ದಿನಕ್ಕೆ ನಮ್ಮ ಬಾಗಿಲು ತುಳಿದಳು ಹುಡುಗಿ! ಖುಷಿಯಾಯ್ತು — ಸುಳ್ಳು ಹೇಳುವುದಿಲ್ಲ, ಪೆದ್ದಿಯ ಹಾಗೆ ಖುಷಿಪಟ್ಟೆ. ಡಬ್ಬಿ ಭಾರವಿತ್ತು. ಪ್ರೇಮಮ್ಮನ ಮನಸ್ಸು ತಡೆಯಲಿಲ್ಲ, ಏನೋ ಸಿಹಿ ಮಾಡಿ ಕಳಿಸಿದ್ದಾರೆ ಅಂದುಕೊಂಡೆ.

"ಖಾಲಿ ಕೊಡಬಾರ್ದಲ್ವಾ ಆಂಟಿ, ಅದ್ಕೇ ಅಜ್ಜಿ ಇದ್ರಲ್ಲೇ ಹಾಕ್ಕೊಡ್ತು."

ಮುಚ್ಚಳ ತೆಗೆದೆ. ಪೇಪರಿನಲ್ಲಿ ಸುತ್ತಿದ ಅವರ ಶೋಕೇಸಿನ ಬುದ್ಧ.

"ಇದು ನಿಮ್ದಂತೆ ಆಂಟಿ. ನಮ್ಮನೇಲಿದ್ರೆ ಬಂದೋರು ತಪ್ಪು ತಿಳ್ಕೋತಾರಂತೆ."

ಹುಡುಗಿಯ ಮುಖದಲ್ಲಿ ಏನೂ ಇಲ್ಲ, ಪಾಪ. ಹೇಳಿಕೊಟ್ಟಿದ್ದನ್ನು ಒಪ್ಪಿಸಿದಳು ಅಷ್ಟೇ. ಆಮೇಲೆ ಗುಟ್ಟಾಗಿ, "ಭೂಮಿ ಇದಾಳಾ?" ಭೂಮಿಕಾ ಒಳಗಿಂದ ಓಡಿ ಬರುವಷ್ಟರಲ್ಲಿ ಪಕ್ಕದಿಂದ ಕೂಗು — "ಅಮೂಲ್ಯಾ! ಕೊಟ್ಟು ಬಾ ಅಂದ್ರೆ ಅಲ್ಲೇ ನಿಂತ್ಕೊಂಡ್ಯೇನೇ?" ಓಡಿದಳು.

ಭೂಮಿಕಾ ಡಬ್ಬಿಯೊಳಗೆ ಇಣುಕಿದಳು. ಏನೂ ಕೇಳಲಿಲ್ಲ. ಈ ಸಲ ಅವಳಿಗೆ ಅರ್ಥವಾಯ್ತು. ನನ್ನ ಮಗಳಿಗೆ ಅರ್ಥವಾಯ್ತು ಎಂಬುದನ್ನು ನಾನು ಸಹಿಸಲಾರೆ.

ಪೇಪರು ಬಿಚ್ಚಿ ಒರೆಸಿದೆ. ನಮ್ಮ ಬುದ್ಧನನ್ನೂ ಎತ್ತಿಕೊಂಡು ಬಂದೆ. ಇಬ್ಬರನ್ನೂ ಸಿಟೌಟಿನ ಕಟ್ಟೆ ಮೇಲೆ ಇಟ್ಟೆ, ರಸ್ತೆಗೆ ಮುಖ ಮಾಡಿ. ಇವರು ಬಾಗಿಲಲ್ಲಿ ನಿಂತು ನೋಡಿದರು. ಬೇಡ ಅನ್ನಲಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಮೂಲೆಗೆ ನಿಲ್ಲಿಸಿ, ಕುರ್ಚಿ ತಂದು ನನ್ನ ಪಕ್ಕ ಹಾಕಿಕೊಂಡು ಕೂತರು. ಇಲ್ಲೇ ಕೂತು ಬರೆಯುತ್ತಿದ್ದೇನೆ. ವಾಕಿಂಗ್ ಹೋಗುವವರೆಲ್ಲ ನೋಡುತ್ತಾ ಹೋಗುತ್ತಿದ್ದಾರೆ.

ತೀರ್ಥಪ್ಪನವರು ಪಾರ್ಕಿನಿಂದ ಬರುತ್ತಿದ್ದಾರೆ. ನಿಂತರು. ಬುದ್ಧರನ್ನು ನೋಡಿದರು, ನನ್ನನ್ನು ನೋಡಿದರು. ಗೇಟಿನ ಮೇಲೆ ಕೈಯಿಟ್ಟಿದ್ದಾರೆ.

"ಏನಮ್ಮಾ ಇದು... ಜನ ನೋಡಲ್ವಾ?"

ನೋಡಲಿ. ಪೆನ್ನು ಇಡುತ್ತೇನೆ. ಅವರು ಒಳಗೆ ಬರಲಿ, ಮನೆ ಬಿಡಿ ಅಂದದ್ದು ಯಾಕೆ ಅಂತ ಇವತ್ತು ಅವರ ಬಾಯಿಂದಲೇ ಹೇಳಿಸುತ್ತೇನೆ.